ಗುಲಾಬಿ ಪೇಟದ ದೊರೆ

ಚಿತ್ರಗಳನ್ನು ಕೂಡಿಡುವ ಚಟ ನನಗೆ ಹತ್ತಿದ್ದು ತಂಗಿಯ ಲಗ್ನಪತ್ರಿಕೆಯ ನೆಪದಲ್ಲಿ. ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಕಲಬುರಗಿಯನ್ನು ಆಗ ಎಲ್ಲರೂ ಗುಲಬರ್ಗಾ ಎಂದೇ ಕರೆಯುತ್ತಿದ್ದರು. ಸುಪರ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಒಂದು ಸ್ಕ್ರೀನ್ ಪ್ರಿಂಟಿಂಗ್ ಅಂಗಡಿ ಇತ್ತು. ಲಗ್ನಪತ್ರಿಕೆ, ಸ್ಕೂಟರಿಗೆ ಅಂಟಿಸುವ ಸ್ಟಿಕರ್, ನಂದೂರಿನ ದಾಲ್ ಮಿಲ್ಲುಗಳ ಚೀಲದ ಮೇಲಿನ ಗುರುತು, ಎಲ್ಲ ಅಲ್ಲೇ ಅಚ್ಚಾಗುತ್ತಿದ್ದವು. ಪತ್ರಿಕೆಯ ಕರಡು ತಿದ್ದಿಕೊಡಲು ಹೋದವಳಿಗೆ ಒಳಗೋಡೆಯ ಮೇಲೆ ಒಬ್ಬ ಬಹಮನಿ ಸುಲ್ತಾನ ಕಂಡ. ಮುಖ ಗಿಳಿಹಸಿರು, ಗಡ್ಡ ಕಿತ್ತಳೆ, ಬೆನ್ನ ಹಿಂದೆ ಬಿಳಿ ಬಟ್ಟೆಗೆ ಹಾಕುವ ನೀಲಿಯಂಥ ನೀಲಿ. ತಂಗಿಯ ಮಾವನ ಹೆಸರಿನ ಒತ್ತಕ್ಷರ ತಪ್ಪಿದ್ದು ನನ್ನ ಕಣ್ಣಿಗೆ ಬೀಳಲೇ ಇಲ್ಲ.

ನಾನು ಕಮಲಾಪುರದ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತಿದ್ದೆ. ನಮ್ಮ ಪಠ್ಯಪುಸ್ತಕಗಳಲ್ಲಿ ರಾಜರೆಲ್ಲ ಬೂದಿ ಬಣ್ಣದವರು, ಕಣ್ಣಿದ್ದ ಜಾಗದಲ್ಲಿ ಮಸಿಯ ಕಲೆ. ಈ ಸುಲ್ತಾನ ಮಾತ್ರ ಈಗಷ್ಟೇ ಎದ್ದು ಚಹಾ ಕೇಳುವವನ ಹಾಗೆ ನೋಡುತ್ತಿದ್ದ.

ಅಂಗಡಿಯವನು ನನಗಿಂತ ಚಿಕ್ಕವನು. ಮನೆಯವರ ತೊಗರಿ ವ್ಯಾಪಾರ ಬಿಟ್ಟು ಚಿತ್ರಕಲೆ ಓದಿ, ನೌಕರಿ ಸಿಗದೆ ಈ ಅಂಗಡಿ ಇಟ್ಟಿದ್ದ. ಮರದ ಚೌಕಟ್ಟಿಗೆ ತೆಳು ಬಟ್ಟೆ ಬಿಗಿದು, ಅದರ ಮೇಲೆ ಬಣ್ಣ ಸುರಿದು, ರಬ್ಬರ್ ಪಟ್ಟಿಯಿಂದ ಎಳೆದರೆ ಕೆಳಗಿನ ಕಾಗದದ ಮೇಲೆ ಚಿತ್ರ ಮೂಡುತ್ತಿತ್ತು. ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಚೌಕಟ್ಟು.

"ಪರದೇಶದಾಗ ಇದಕ್ಕ ಪಾಪ್ ಆರ್ಟ್ ಅಂತಾರ ಮೇಡಂ," ಎಂದ. "ಅಲ್ಲಿ ಸೂಪಿನ ಡಬ್ಬಿ, ಸಿನಿಮಾ ನಟಿ ಎಲ್ಲಾ ಹಿಂಗ ಒತ್ತತಾರ. ನಮ್ಮಲ್ಲಿ ಇಷ್ಟು ಮಂದಿ ದೊರಿಗೋಳು ಆಗಿಹೋಗ್ಯಾರ. ಅವರನ್ನ ಯಾಕ ಒತ್ತಬಾರದು ಅಂತ ಅನ್ನಿಸ್ತು ನೋಡ್ರಿ."

ಪತ್ರಿಕೆಗಳ ಕಟ್ಟಿನ ಜೊತೆ ಸುಲ್ತಾನನೂ ನಮ್ಮ ಮನೆಗೆ ಬಂದ. ಆಮೇಲೆ ಬಿಜಾಪುರದ ಕೋಟೆ ಕಾದ ರಾಣಿ ಬಂದಳು, ನೇರಳೆ ಮುಖ, ಹಳದಿ ಮುಸುಕು. ಅವಳ ಹಿಂದೆ ಒಬ್ಬ ಮರಾಠಾ ಸರದಾರ, ಒಬ್ಬ ಚಾಲುಕ್ಯ ಅರಸ. ಹೊಸದು ಒತ್ತಿದಾಗಲೆಲ್ಲ ಅವನು ಒಂದು ಪ್ರತಿಯನ್ನು ನನಗೆಂದೇ ತೆಗೆದಿಡುತ್ತಿದ್ದ. ಬ್ರಹ್ಮಪುರದ ನಮ್ಮ ಹಳೆಯ ಮನೆಯ ಪಡಸಾಲೆಯಲ್ಲಿ ದೇವರ ಫೋಟೋಗಳ ಎದುರುಗೋಡೆ ನಿಧಾನವಾಗಿ ತುಂಬತೊಡಗಿತು.

ಮನೆಯಲ್ಲಿ ಇದ್ದವರು ನಾನು, ವಿದ್ಯುತ್ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದ ನನ್ನ ಗಂಡ, ಮತ್ತು ಅವರ ತಾಯಿ. ಗಂಡನಿಗೆ ಈ ಚಿತ್ರಗಳು ಕಣ್ಣಿಗೆ ಚುಚ್ಚುತ್ತಿದ್ದವು, ಆದರೆ ಬಾಯಿಬಿಟ್ಟು ಏನೂ ಅನ್ನುತ್ತಿರಲಿಲ್ಲ. ಅತ್ತೆಯ ವಿಷಯ ಬೇರೆ. ಅವರ ಸ್ವಭಾವವೇ ಸಂಶಯದ್ದು. ಗೌಳಿ ಹೋದ ಮೇಲೆ ಹಾಲಿಗೆ ಬೆರಳದ್ದಿ, ಉಗುರಿನ ಮೇಲೆ ಹನಿ ನಿಲ್ಲುತ್ತದೋ ಹರಿಯುತ್ತದೋ ನೋಡುವರು. ನೆಂಟರು ಕಾರಣವಿಲ್ಲದೆ ಬಂದರೆ, ಅವರು ಹೋಗುವ ತನಕ ಆ ಕಾರಣವನ್ನು ಹುಡುಕುತ್ತಲೇ ಇರುವರು. ಗಂಡಸರಷ್ಟು ಎತ್ತರದ ಹೆಂಗಸು. ಅರವತ್ತರ ಹತ್ತಿರ ಬಂದರೂ ಬೆನ್ನು ಬಾಗಿರಲಿಲ್ಲ. ನನ್ನ ಮೇಲೆ ಸಿಟ್ಟು ಬಂದಾಗ ಮಾತ್ರ ಮರಾಠಿಗೆ ತಿರುಗಿ, ಬಹಳ ಮರ್ಯಾದೆಯಿಂದ, ಸೂನಬಾಯಿ, ಅಂದರೆ ಸೊಸೆಯವರೇ, ಎಂದು ಕರೆಯುತ್ತಿದ್ದರು.

ಸುಲ್ತಾನನನ್ನು ನೋಡಿ ಅವರು, "ಕಾಮಣಿ ಬ್ಯಾನಿ ಆಗ್ಯದೇನು ಇವಗ?" ಎಂದಷ್ಟೇ ಕೇಳಿದ್ದರು. ರಾಣಿಯ ಎದುರು ಸ್ವಲ್ಪ ಹೊತ್ತು ನಿಂತು, "ಚಂದ ಅದಾಳ, ಆದ್ರ ಮಾರಿಗೆ ಏನೋ ಬಡದಂಗ ಅದ," ಎಂದಿದ್ದರು. ಅವರಿಗೂ ಇವು ರೂಢಿಯಾದವು ಎಂದುಕೊಂಡೆ.

ಹೀಗಿರುವಾಗ ರಾಷ್ಟ್ರಕೂಟ ದೊರೆ ಬಂದ.

ಅಂಗಡಿಯಲ್ಲಿ ಅದನ್ನು ಬಿಚ್ಚಿ ತೋರಿಸಿದಾಗಲೇ ನನಗೆ ಏನೋ ಸರಿಯಿಲ್ಲ ಅನ್ನಿಸಿತ್ತು. ಎಳೆಯ ಮುಖ, ಅಗಲ ಹಣೆ, ಒಂದಕ್ಕಿಂತ ಒಂದು ಸ್ವಲ್ಪ ಮೇಲಿದ್ದ ಹುಬ್ಬು, ತಿರುವಿದ ಮೀಸೆ. ಮುಖಕ್ಕೆ ಆಕಾಶನೀಲಿ, ತಲೆಗೆ ಗುಲಾಬಿ ಬಣ್ಣದ ಜರಿಪೇಟ.

"ರಾಷ್ಟ್ರಕೂಟರ ಕಾಲದಾಗ ಇಂಥ ಪೇಟ ಎಲ್ಲಿತ್ತಪ್ಪ? ಕಿರೀಟ ಇರಬೇಕಲ್ಲ?" ಎಂದು ಕೇಳಿದೆ.

"ಕಲಾ ಅದ ರೀ ಮೇಡಂ. ಇತಿಹಾಸ ನೀವು ನೋಡ್ಕೋರಿ, ಬಣ್ಣ ನಾ ನೋಡ್ಕೋತೀನಿ," ಎಂದು ನಕ್ಕ. ಆದರೆ ಬೇರೆ ಚಿತ್ರಗಳ ಬಗ್ಗೆ ಕೇಳಿದರೆ ಬಾಯಿ ತುಂಬ ಹೇಳುತ್ತಿದ್ದವನು, ಆವತ್ತು ಚಿತ್ರವನ್ನು ಬೇಗ ಬೇಗ ಸುರುಳಿ ಸುತ್ತಿ ನನ್ನ ಕೈಗಿಟ್ಟ.

ಚೌಕಟ್ಟು ಹಾಕಿಸಿ ತಂದು ಮೊಳೆಗೆ ನೇತುಹಾಕುವ ಹೊತ್ತಿಗೆ ಅತ್ತೆ ಪೂಜೆ ಮುಗಿಸಿ ಪಡಸಾಲೆಗೆ ಬಂದರು. ಬಾಗಿಲಲ್ಲೇ ನಿಂತುಬಿಟ್ಟರು. ಕೈಯಲ್ಲಿದ್ದ ತೀರ್ಥದ ಬಟ್ಟಲು ಓರೆಯಾಗಿ ನೀರು ಸೀರೆಯ ಮೇಲೆ ಸುರಿಯುತ್ತಿತ್ತು.

"ಯಾರಿವ?"

"ರಾಷ್ಟ್ರಕೂಟರ ದೊರೆ ಅತ್ಯಾ. ಮಳಖೇಡದಾಗ ಆಳ್ತಿದ್ರಲ್ಲ, ಅವರು."

"ನಿನಗ ಯಾರ್ ಹೇಳಿದ್ರು?"

"ಕೆಳಗ ಬರದದ ನೋಡ್ರಿ."

"ಬರಿಲಾಕೇನು, ಯಾರ್ ಏನ್ ಬೇಕಾದ್ರೂ ಬರೀತಾರ. ಎಲ್ಲಿಂದ ತಂದಿ?"

"ಯಾವಾಗ್ಲೂ ತರ್ತೀನಲ್ಲ, ಆ ಅಂಗಡಿಯಿಂದ."

ಅತ್ತೆ ನನ್ನ ಮುಖವನ್ನೇ ನೋಡುತ್ತ ನಿಂತರು. ಹಾಲನ್ನು ಉಗುರಿನ ಮೇಲಿಟ್ಟು ನೋಡುವಾಗಿನ ನೋಟವೇ ಅದು. ಕೊನೆಗೆ, "ಆ ಅಂಗಡಿಯವನ ಅಪ್ಪ ಏನ್ ಮಾಡ್ತಿದ್ದ?" ಎಂದು ಕೇಳಿದರು. ತೊಗರಿ ವ್ಯಾಪಾರ ಎಂದೆ. ನಂಬಿದಂತೆ ಕಾಣಲಿಲ್ಲ. ಆವತ್ತು ಮಧ್ಯಾಹ್ನ ಅವರು ಊಟಕ್ಕೆ ಎಂದಿನ ಜಾಗದಲ್ಲಿ ಕೂರದೆ, ಆ ಗೋಡೆಗೆ ಬೆನ್ನು ಮಾಡಿ ಕೂತರು.

ಮಾರನೆಯ ದಿನ ಸಂಜೆ ಕಮಲಾಪುರದಿಂದ ಬಸ್ಸಿಳಿದು ಮನೆಗೆ ಬಂದಾಗ ದೊರೆಯ ಮುಖ ಗೋಡೆಗೆ ತಿರುಗಿತ್ತು.

"ಗಾಳಿಗೆ ತಿರುಗಿರಬೇಕು," ಎಂದರು ಅತ್ತೆ, ಬತ್ತಿ ಹೊಸೆಯುತ್ತ, ತಲೆಯೆತ್ತದೆ. ಪಕ್ಕದ ಸುಲ್ತಾನ, ರಾಣಿ ಯಾರೂ ಅಲುಗಿರಲಿಲ್ಲ. ನಾನು ದೊರೆಯನ್ನು ಸರಿಯಾಗಿ ತಿರುಗಿಸಿದೆ. ಒಂದೆರಡು ದಿನ ಬಿಟ್ಟು ಮತ್ತೆ ಗಾಳಿ ಬೀಸಿತು. ಆಮೇಲೊಮ್ಮೆ ಬಂದು ನೋಡಿದರೆ ಮೊಳೆ ಮಾತ್ರ ಇತ್ತು, ಚಿತ್ರವೇ ಇರಲಿಲ್ಲ.

ಗಂಡನನ್ನು ಕೇಳಿದೆ. "ನಾ ಮುಟ್ಟಿಲ್ಲ. ಮುಟ್ಟೋದಾದ್ರ ಮೊದಲು ಆ ಹಸಿರು ಮಾರಿಯವನನ್ನ ತೆಗೀತಿದ್ದೆ," ಎಂದರು. ಹುಡುಕಿದಾಗ ಕೋಣೆಯ ಮೂಲೆಯಲ್ಲಿ ಜೋಳದ ಡಬ್ಬಿಯ ಹಿಂದೆ, ಮಾವನವರ ಹಳೆಯ ಧೋತರದಲ್ಲಿ ಸುತ್ತಿ ನಿಲ್ಲಿಸಿದ ಚಿತ್ರ ಸಿಕ್ಕಿತು. ಹರಿದಿರಲಿಲ್ಲ, ಗಾಜು ಒಡೆದಿರಲಿಲ್ಲ. ಬಹಳ ಜೋಪಾನವಾಗಿ ಸುತ್ತಿಟ್ಟಿದ್ದರು. ನನಗೆ ವಿಚಿತ್ರ ಅನ್ನಿಸಿದ್ದು ಅದೇ. ಬೇಡವಾದ ವಸ್ತುವನ್ನು ಯಾರೂ ಹಾಗೆ ಇಡುವುದಿಲ್ಲ. ನಾನು ಏನೂ ಕೇಳದೆ ಮತ್ತೆ ಮೊಳೆಗೆ ಹಾಕಿದೆ. ಅವತ್ತಿನಿಂದ ನಾನು ಅವರನ್ನು, ಅವರು ನನ್ನನ್ನು ಕಣ್ಣಿಟ್ಟು ನೋಡತೊಡಗಿದೆವು. ಅಡುಗೆಮನೆಯಲ್ಲಿ ಮಾತು ಉಪ್ಪು, ಹುಳಿಗಳಿಗೆ ಬಂದು ನಿಂತಿತು.

ಆ ದಿನಗಳಲ್ಲಿ ನೆರೆಮನೆಯಾಕೆ ಅರಿಷಿಣ ಕುಂಕುಮಕ್ಕೆ ಬಂದವಳು ಗೋಡೆ ನೋಡಿ ಕೈ ಬಾಯಿಗಿಟ್ಟು ನಕ್ಕಳು. "ಅಯ್ಯ, ಈ ನೀಲಿ ಮಾರಿಯವ ನಿಮ್ಮ ಮನಿಯವರ ಹಂಗೇ ಅದಾನಲ್ರಿ! ಹುಬ್ಬು ನೋಡ್ರಿ, ಒಂದು ಮ್ಯಾಲ, ಒಂದು ಕೆಳಗ."

ಅವಳು ಹೋದ ಮೇಲೆ ನಾನು ಚಿತ್ರದ ಎದುರು ನಿಂತೆ. ಹೌದು, ಮೊದಲ ದಿನ ನನಗೆ ಸರಿಯಿಲ್ಲ ಅನ್ನಿಸಿದ್ದು ಇದೇ. ದಿನವೂ ನೋಡುವ ಮುಖ, ಬೇರೆ ಬಣ್ಣದಲ್ಲಿ ಬಂದಿತ್ತು. ಸಂಜೆ ಗಂಡ ಭಕ್ರಿ ಮುರಿಯುತ್ತಿದ್ದಾಗ ಅವರ ಹುಬ್ಬನ್ನೂ ಗೋಡೆಯ ಹುಬ್ಬನ್ನೂ ಒಂದರ ಮೇಲೊಂದು ಇಟ್ಟು ನೋಡಿದೆ. "ಏನ್ ನೋಡ್ಲಾಕತ್ತಿ ಹಂಗ?" ಎಂದರು ಅವರು. ಏನಿಲ್ಲ ಎಂದೆ. ಗೋಡೆಗೆ ಬೆನ್ನು ಮಾಡಿ ಕೂತಿದ್ದ ಅತ್ತೆ ನನ್ನ ಕಡೆ ಒಮ್ಮೆ ನೋಡಿ ತಾಟಿನತ್ತ ಬಾಗಿದರು.

ಸಂಶಯ ಒಂದು ಸಲ ಹೊಕ್ಕರೆ ಅದು ಸುಮ್ಮನೆ ಕೂರುವುದಿಲ್ಲ. ನನ್ನ ಮಾವನವರು ನಾನು ಮದುವೆಯಾಗಿ ಬರುವ ಮುಂಚೆಯೇ ತೀರಿಕೊಂಡಿದ್ದರು. ನಿಜಾಮರ ಕಾಲದಲ್ಲಿ ಕಂದಾಯ ಖಾತೆಯಲ್ಲಿದ್ದವರು, ವರ್ಷದ ಬಹುಪಾಲು ಊರೂರು ತಿರುಗುತ್ತಿದ್ದರಂತೆ. ತಿಂಗಳುಗಟ್ಟಲೆ ಹೊರಗೆ ಇರುತ್ತಿದ್ದ ಮನುಷ್ಯನಿಗೆ ಎಲ್ಲೋ ಇನ್ನೊಂದು ಸಂಸಾರ ಇದ್ದಿದ್ದರೆ? ಆ ಸಂಸಾರದ ಮಗನೊಬ್ಬ ಈ ಚಿತ್ರಕ್ಕೆ ಮುಖ ಕೊಟ್ಟಿದ್ದರೆ? ಅತ್ತೆಗೆ ಅದು ಗೊತ್ತಿದ್ದರೆ, ಬಟ್ಟಲು ಓರೆಯಾಗಿದ್ದು, ಅಂಗಡಿಯವನ ಅಪ್ಪನನ್ನು ವಿಚಾರಿಸಿದ್ದು, ಮಾವನವರ ಧೋತರದಲ್ಲೇ ಚಿತ್ರ ಸುತ್ತಿಟ್ಟಿದ್ದು, ಎಲ್ಲದಕ್ಕೂ ಅರ್ಥ ಸಿಗುತ್ತಿತ್ತು. ಶಾಲೆಯಲ್ಲಿ ಪಾಣಿಪತ ಯುದ್ಧ ಪಾಠ ಮಾಡುವಾಗಲೂ ನನ್ನ ತಲೆಯಲ್ಲಿ ಇದೇ ಓಡುತ್ತಿತ್ತು.

ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ನೇರ ಅಂಗಡಿಗೆ ಹೋದೆ. ಅವನು ಯಾವುದೋ ಸ್ಟಿಕರಿನ ಹಾಳೆಗಳನ್ನು ಹಗ್ಗಕ್ಕೆ ನೇತುಹಾಕಿ ಒಣಗಿಸುತ್ತಿದ್ದ. ನಾನು ಮೊದಲು ಅವನ ಹುಬ್ಬು ನೋಡಿದೆ. ಸರಿಸಮನಾಗಿದ್ದವು. ಮೂಗು, ಗದ್ದ ಯಾವುದೂ ನಮ್ಮ ಮನೆಯದಲ್ಲ.

"ಆ ರಾಷ್ಟ್ರಕೂಟ ದೊರೆಯ ಮಾರಿ ಎಲ್ಲಿಂದ ತಂದಿ ಖರೇ ಹೇಳು," ಎಂದೆ.

ಅವನ ಕೈ ನಿಂತಿತು. ಗಲ್ಲಿಯ ಕಡೆ ಒಮ್ಮೆ ನೋಡಿ ದನಿ ಇಳಿಸಿದ. "ನೀವೂ ಅದೇ ಕೇಳ್ತೀರೇನ್ರಿ ಮೇಡಂ? ಮೊನ್ನೆ ಒಬ್ಬ ಮುದುಕಿ ಬಂದಿದ್ಳು. ಹೀಂಗ ಎತ್ತರ, ಕಚ್ಚಿ ಸೀರಿ, ಕೈಯಾಗ ಕರೀ ಛತ್ರಿ. ಬಂದಾಕಿನೇ 'ಈ ಮಾರಿ ನಿನಗ ಯಾರ್ ಕೊಟ್ರು' ಅಂದ್ಳು. ಯಾರೋ ದೊಡ್ಡ ಮನಿತನದಾಕಿ, ನಮ್ಮ ದೊರಿಗೆ ನೀಲಿ ಬಣ್ಣ ಯಾಕ ಹಚ್ಚಿದಿ ಅಂತ ಜಗಳಕ್ಕ ಬಂದಾಳ ಅಂತ ನನಗ ಹೆದರಿಕಿ ಆತು. ಈಗ ಯಾರಿಗೆ ಯಾವುದು ಸಿಟ್ಟು ಬರತದೋ ಗೊತ್ತಾಗಂಗಿಲ್ಲ ನೋಡ್ರಿ. ಮನಸ್ಸಿನಿಂದ ತೆಗೆದೀನಿ ಅಂತ ಹೇಳಿ ಕಳಿಸಿದೆ."

ಎತ್ತರ, ಕಚ್ಚೆ ಸೀರೆ, ಕರಿ ಛತ್ರಿ. ನನಗೆ ಬೇರೆ ಗುರುತು ಬೇಕಿರಲಿಲ್ಲ. ಮನೆಯಿಂದ ಗುಡಿಗೆ ಬಿಟ್ಟರೆ ಎಲ್ಲಿಗೂ ಒಬ್ಬರೇ ಹೋಗದ ಅತ್ತೆ, ನನಗೂ ಮಗನಿಗೂ ಹೇಳದೆ ಸುಪರ್ ಮಾರ್ಕೆಟ್ಟಿನ ಗಲ್ಲಿಗೆ ಬಂದಿದ್ದರು.

"ಮನಸ್ಸಿನಿಂದ ತೆಗೆದಿಯೋ ಇಲ್ಲೋ?" ಎಂದೆ.

"ಹೌದ್ರಿ," ಎಂದ. ಸುಳ್ಳು ಹೇಳುತ್ತಿದ್ದಾನೆ ಎಂದು ಅವನ ಕಿವಿಯ ಕೆಂಪೇ ಹೇಳುತ್ತಿತ್ತು. ಎಷ್ಟು ಕೇಳಿದರೂ ಬಾಯಿಬಿಡಲಿಲ್ಲ.

ಅಷ್ಟರಲ್ಲಿ ಚಿತ್ರದ ಇನ್ನೊಂದು ಪ್ರತಿ ಕಮಲಾಪುರಕ್ಕೂ ಹೋಗಿತ್ತು. ನನ್ನ ಬಾಯಿಂದ ಈ ಚಿತ್ರಗಳ ಸುದ್ದಿ ಕೇಳಿ ನಮ್ಮ ಹೆಡ್‌ಮಾಸ್ತರು ತಾವೇ ಅಂಗಡಿಗೆ ಹೋಗಿ, ನಮ್ಮ ಭಾಗದ ದೊರೆ ಎಂದು ಅಭಿಮಾನದಿಂದ ರಾಷ್ಟ್ರಕೂಟನನ್ನೇ ಆರಿಸಿ ತಂದು ತಮ್ಮ ಕೋಣೆಯಲ್ಲಿ ಹಾಕಿದ್ದರು. ರಾಜ್ಯೋತ್ಸವದ ದಿನ ಅದನ್ನು ಹೊರಗೆ ತಂದು ಕುರ್ಚಿಯ ಮೇಲಿಟ್ಟು, ಚೆಂಡುಹೂವಿನ ಹಾರ ಹಾಕಿ, ಚೌಕಟ್ಟಿನ ಗಾಜಿಗೆ ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದರು. ಹುಡುಗರೆಲ್ಲ ಕೈ ಮುಗಿದರು. ನಾನೂ ಮುಗಿದೆ, ಕಣ್ಣು ಮಾತ್ರ ಆ ಹುಬ್ಬಿನ ಮೇಲಿತ್ತು.

ಆ ಸಂಜೆ ಊಟದ ಹೊತ್ತಿಗೆ ಬೇಕೆಂದೇ ಆ ಮಾತು ತೆಗೆದೆ. ಅತ್ತೆಯ ಮುಖದಲ್ಲಿ ಏನಾಗುತ್ತದೆ ನೋಡಬೇಕಿತ್ತು. "ನಮ್ಮ ಸಾಲಿಯಾಗ ಇವತ್ತು ರಾಷ್ಟ್ರಕೂಟ ದೊರಿಗೆ ಪೂಜೆ ಮಾಡಿದ್ರು," ಎಂದು ಗಂಡನಿಗೆ ಹೇಳುವಂತೆ ಹೇಳಿದೆ. "ಇದೇ ಚಿತ್ರ. ಹೆಡ್‌ಮಾಸ್ತರು ಒಂದು ತಂದಾರ."

ಅತ್ತೆಯ ತುತ್ತು ಕೈಯಲ್ಲೇ ಉಳಿಯಿತು. "ಪೂಜೆ ಅಂದ್ರ?"

"ಹಾರ ಹಾಕಿದ್ರು."

"ಹಾರ ಹಾಕಿದ್ರಾ? ಕುಂಕುಮ?"

"ಅದನ್ನೂ ಹಚ್ಚಿದ್ರು. ಕಾಯಿ ಒಡದ್ರು. ಹುಡುಗರು ಜೈ ಅಂದ್ರು."

ಅವರ ಗಂಟಲಿನಿಂದ ಒಂದು ಸದ್ದು ಬಂತು. ಅಳುವೋ, ಕೆಮ್ಮೋ, ಏನೋ ತಿಳಿಯಲಿಲ್ಲ. ಎದ್ದು ಕೈ ತೊಳೆದುಕೊಂಡು ಒಳಗೆ ಹೋದರು. ನನ್ನ ಗಂಡ, "ಏನಾತು ಅವ್ವಗ?" ಎಂದರು. ಅವರಿಗೆ ಯಾವಾಗಲೂ ಎಲ್ಲವೂ ಕಡೆಯಲ್ಲಿ ತಿಳಿಯುವುದು.

ಮರುದಿನ ಗಂಡ ಕಚೇರಿಗೆ ಹೋದರು. ನಾನು ಶಾಲೆಗೆ ಹೊರಡಲು ಸೀರೆಯ ನೆರಿಗೆ ಹಿಡಿಯುತ್ತಿದ್ದೆ. ಪಡಸಾಲೆಯಿಂದ ದನಿ ಬಂತು.

"ಸೂನಬಾಯಿ."

ಹೋದೆ. ಅತ್ತೆ ಚಿತ್ರದ ಕೆಳಗೆ ಮಣೆ ಹಾಕಿಕೊಂಡು ಕೂತಿದ್ದರು.

"ಕೂಡು. ನಾಟಕ ಸಾಕು. ನಿನಗ ಎಲ್ಲಾ ಗೊತ್ತದ. ಗೊತ್ತಿದ್ದೇ ತಂದು ನನ್ನ ಎದುರಿಗೆ ಹಾಕಿದಿ. ನಿನಗ ಯಾರ್ ಹೇಳಿದ್ರು, ಅದನ್ನಷ್ಟು ಹೇಳು."

"ಅತ್ಯಾ, ನನಗೇನೂ ಗೊತ್ತಿಲ್ಲರಿ."

"ಗೊತ್ತಿಲ್ಲದಾಕಿ ಅವನ ಹುಬ್ಬು, ನನ್ನ ಮಗನ ಹುಬ್ಬು ಯಾಕ ನೋಡ್ತಿದ್ದಿ?"

ನನಗೂ ತಾಳ್ಮೆ ಮುಗಿದಿತ್ತು. ಮಾವನವರ ಹೆಸರಿಗೆ ಕಲೆ ಹಚ್ಚುವ ಮಾತು, ಆದರೂ ಆಡಿಬಿಟ್ಟೆ. "ಮಾವನವರಿಗೆ ಬ್ಯಾರೆ ಕಡೆ ಮಗ ಇದ್ನೇನ್ರಿ? ಇದು ಅವನ ಮಾರಿ ಏನು?"

ಅತ್ತೆ ಬಾಯಿ ತೆರೆದು ನನ್ನನ್ನೇ ನೋಡಿದರು. ಆಮೇಲೆ ನಗತೊಡಗಿದರು. ಅವರು ಹಾಗೆ ನಕ್ಕಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಗೋಡೆ ಹಿಡಿದುಕೊಂಡು, ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ ನಕ್ಕರು.

"ಅವರಿಗೆ? ಎರಡನೇ ಸಂಸಾರ? ಅಗ ಬಾಯಿ! ಇದ್ದ ಒಂದು ಮನಿಯಾಗೇ ತಮ್ಮ ಧೋತರ ಎಲ್ಲಿ ಅದ ಅಂತ ಅವರಿಗೆ ಗೊತ್ತಾಗ್ತಿರಲಿಲ್ಲ." ನಗು ನಿಂತ ಮೇಲೆ ಅವರು ಬೆರಳೆತ್ತಿ ಚಿತ್ರ ತೋರಿಸಿದರು. "ಅದು ನಾ."

ನನಗೆ ಸರಿಯಾಗಿ ಕೇಳಲಿಲ್ಲ ಅಂದುಕೊಂಡೆ.

"ಅದು ನಾ ಅಂದೆ. ಮೀಸಿ ಕಾಡಿಗಿದು. ಪೇಟ ನಮ್ಮಪ್ಪಂದು."

ಅವರು ಹೇಳಿದ್ದು ಇಷ್ಟು. ಹುಡುಗಿಯಾಗಿದ್ದಾಗ ಊರಿನ ಹೆಣ್ಣುಮಕ್ಕಳ ಮರಾಠಿ ಶಾಲೆಯಲ್ಲಿ ಓದುತ್ತಿದ್ದರು. ಅಲ್ಲಿ ಪಾಠ ಹೇಳುತ್ತಿದ್ದ ಅಕ್ಕೋರೊಬ್ಬರು ತಾವೇ ಬರೆದ ನಾಟಕ ಆಡಿಸಿದರು. ಎಲ್ಲ ಪಾತ್ರ ಹುಡುಗಿಯರದೇ, ಎತ್ತರ ಇದ್ದ ಕಾರಣ ರಾಜನ ಪಾತ್ರ ಇವರ ಪಾಲಿಗೆ ಬಂತು. ಅಪ್ಪನ ಜರಿಪೇಟವನ್ನು ಪೆಟ್ಟಿಗೆಯಿಂದ ಕದ್ದು ಒಯ್ದಿದ್ದರು. ನಾಟಕ ಎಲ್ಲರಿಗೂ ಮೆಚ್ಚುಗೆಯಾಗಿ, ಅಕ್ಕೋರು ಖುಷಿಗೆ ಇವರೊಬ್ಬರನ್ನೇ ವೇಷದಲ್ಲಿಯೇ ಫೋಟೋ ಸ್ಟುಡಿಯೋಕ್ಕೆ ಕರೆದುಕೊಂಡು ಹೋದರು. ಆಗ ಫೋಟೋ ಗಾಜಿನ ಮೇಲೆ ಮೂಡುತ್ತಿತ್ತು, ಆ ಗಾಜಿನಿಂದ ಕಾಗದದ ಮೇಲೆ. ಸ್ಟುಡಿಯೋದವನು ಒಂದು ಪ್ರತಿಯನ್ನು ತನ್ನ ಕಿಟಕಿಯಲ್ಲಿ ಹಾಕಿಕೊಂಡ.

ಅದೇ ವರ್ಷ ಇವರ ಮದುವೆಯ ಮಾತು ನಡೆದಿತ್ತು. ಗಂಡಿನ ಕಡೆಯ ಹಿರಿಯರೊಬ್ಬರಿಗೆ ಸುದ್ದಿ ಮುಟ್ಟಿತು: ಮೀಸೆ ಹಚ್ಚಿಕೊಂಡು ಪೇಟೆಯಲ್ಲಿ ಫೋಟೋ ತೂಗುಹಾಕಿಸಿಕೊಂಡ ಹುಡುಗಿಯಂತೆ, ಯಾರ ಮನೆಯದೋ. ಯಾರ ಮನೆಯದು ಎಂದು ಅವರು ಪತ್ತೆ ಹಚ್ಚುವ ಮೊದಲೇ ಇವರ ಅಪ್ಪ ಸ್ಟುಡಿಯೋಕ್ಕೆ ಓಡಿದರು. ಕಿಟಕಿಯ ಫೋಟೋ ತೆಗೆಸಿದರು. ಸ್ಟುಡಿಯೋದವನು ಅವರ ಎದುರಿಗೇ ಗಾಜನ್ನು ಕಲ್ಲಿನ ಮೇಲೆ ಹಾಕಿ ಒಡೆದ. ಮನೆಯಲ್ಲಿದ್ದ ಪ್ರತಿಯನ್ನು ಅಪ್ಪ ಬಚ್ಚಲ ಒಲೆಗೆ ಹಾಕಿದರು. ಮಗಳನ್ನು ಶಾಲೆ ಬಿಡಿಸಿದರು.

"ನಿನ್ನ ಮಾವನವರಿಗೆ ಸಾಯೋತನಕ ಗೊತ್ತಾಗಲಿಲ್ಲ," ಎಂದರು ಅತ್ತೆ. "ಅವರ ಕಾಕಾನೇ ಆ ಹಿರಿಯರು. ನನ್ನ ಎದುರಿಗೇ ಎಷ್ಟೋ ಸಲ ಆ ಮೀಸಿ ಹುಡುಗಿ ಕತಿ ಹೇಳಿ ನಕ್ಕಾರ. ನಾ ಚಹಾ ಕೊಟ್ಕೋತ ನಿಂತಿರ್ತಿದ್ದೆ. ಸುಟ್ಟು ಬೂದಿ ಆಗ್ಯದ ಅಂತ ತಿಳ್ಕೊಂಡದ್ದು ನೀಲಿ ಮಾರಿ ಹಚ್ಕೊಂಡು ನನ್ನ ಮನಿ ಗ್ವಾಡಿ ಮ್ಯಾಲೇ ಬಂದು ಕೂತ್ರ, ನಾ ಏನ್ ತಿಳ್ಕೋಬೇಕು? ಅಂಗಡಿಯವ ಆ ಸ್ಟುಡಿಯೋದವನ ಮಗ ಇರಬೇಕು, ನೀ ಎಲ್ಲಾ ಶೋಧ ಮಾಡಿ, ನನ್ನ ಅಣಕಸಲಾಕ ಹಾಕಿದಿ ಅಂತ ತಿಳದೆ."

ನಾನು ಶಾಲೆಗೆ ಹೋಗಲಿಲ್ಲ. ಇಬ್ಬರೂ ರಿಕ್ಷಾ ಹತ್ತಿ ಸುಪರ್ ಮಾರ್ಕೆಟ್ಟಿಗೆ ಹೋದೆವು. ಕರಿ ಛತ್ರಿ ನೋಡಿದ ಕೂಡಲೇ ಅಂಗಡಿಯವನು ಎದ್ದು ನಿಂತ. ಜೊತೆಗೆ ನನ್ನನ್ನು ಕಂಡು ಇನ್ನಷ್ಟು ಬಿಳಿಚಿಕೊಂಡ.

"ಹೆದರಬ್ಯಾಡ. ಜಗಳಕ್ಕ ಬಂದಿಲ್ಲ. ಗಾಜು ಎಲ್ಲಿ ಅದ?" ಎಂದರು ಅತ್ತೆ.

ಗಾಜು ಎಂಬ ಮಾತು ಕೇಳಿದ್ದೇ ಅವನಿಗೆ ಇನ್ನು ಮುಚ್ಚಿಟ್ಟು ಉಪಯೋಗವಿಲ್ಲ ಎನ್ನಿಸಿರಬೇಕು. ಒಳಗೆ ಹೋಗಿ, ಹಳೆಯ ಉರ್ದು ಪತ್ರಿಕೆಯಲ್ಲಿ ಸುತ್ತಿದ ಇಡೀ ಗಾಜಿನ ಫಲಕವನ್ನು ತಂದು ಮೇಜಿನ ಮೇಲಿಟ್ಟ. ಮುಚ್ಚಿಹೋದ ಸ್ಟುಡಿಯೋದ ಸಾಮಾನು ಗುಜರಿಗೆ ಬಂದಿತ್ತಂತೆ. ಗಾಜುಗಳನ್ನು ಜನ ಕಿಟಕಿಗೆ ಹಾಕಲು ಒಯ್ಯುತ್ತಿದ್ದರಂತೆ. ಇದೊಂದು ಬೇರೆಯಾಗಿ, ಕಾಗದದಲ್ಲಿ ಸುತ್ತಿ ಇಟ್ಟಿದ್ದರಿಂದ ಅವನ ಕಣ್ಣಿಗೆ ಬಿತ್ತು.

"ಯಾರೋ ನಾಟಕದವ ಅಂತ ತಿಳದೆ ರೀ ಅವ್ವಾರ. ಆ ದೊರಿ ಮಾರಿ ಹೆಂಗಿತ್ತು ಅಂತ ಯಾರಿಗೂ ಗೊತ್ತಿಲ್ಲ. ಅದಕ್ಕ ಇದನ್ನ ತಗೊಂಡೆ. ಕೇಳಿದವರಿಗೆ ಹೇಳಿದ್ರ ದೊರೆ ಅಲ್ಲ, ಯಾವನೋ ನಾಟಕದವ ಅಂತಾರ ಅಂತ ಹೇಳಲಿಲ್ಲರಿ."

ಅತ್ತೆ ಗಾಜನ್ನು ಎತ್ತಿ ಬಾಗಿಲ ಬೆಳಕಿಗೆ ಹಿಡಿದರು. ಅದರಲ್ಲಿ ಎಲ್ಲ ತಲೆಕೆಳಗಾದ ಬಣ್ಣ, ಮುಖ ಕಪ್ಪು, ಮೀಸೆ ಬೆಳ್ಳಗೆ. ಬಹಳ ಹೊತ್ತು ನೋಡಿದರು. ಎಲ್ಲಿ ಒಡೆದುಬಿಡುವರೋ ಎಂದು ಅವನು ಕೈ ಚಾಚಿಕೊಂಡೇ ನಿಂತಿದ್ದ.

"ಮೀಸಿ ಚಿತ್ರದಾಗಿನಷ್ಟು ದಪ್ಪ ಇರಲಿಲ್ಲಲ್ಲ," ಎಂದರು ಕೊನೆಗೆ. "ನೀ ಮಾಡಿದ್ದೇನು?"

"ಅದು ಇಂಕು ಹರಡ್ಯದ ರೀ," ಎಂದ ಅವನು. ಆಗ ಅವನಿಗೆ ಎಲ್ಲ ಹೊಳೆಯಿತು. ಅವರ ಹುಬ್ಬನ್ನೂ ಗಾಜನ್ನೂ ನೋಡಿ, ಎರಡು ಹೆಜ್ಜೆ ಹಿಂದೆ ಸರಿದು, ಬಣ್ಣದ ಕೈಯಲ್ಲೇ ನಮಸ್ಕಾರ ಮಾಡಿದ.

"ಇನ್ನ ಎಷ್ಟು ಮಂದಿ ಮನಿಯಾಗ ಅದೀನಿ ನಾ?" ಎಂದು ಅತ್ತೆ ಕೇಳಿದರು. ಅವನಿಗೆ ಸರಿಯಾಗಿ ನೆನಪಿರಲಿಲ್ಲ. ಒಬ್ಬ ವಕೀಲರು ಒಯ್ದಿದ್ದರು, ಬೀದರಿನ ಯಾರೋ ಒಬ್ಬರು, ಮತ್ತೆ ಕಮಲಾಪುರದ ಶಾಲೆ. ಅತ್ತೆ ಅವನ ಪ್ರತಿಯೊಂದು ಮಾತನ್ನೂ ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಗಾಜನ್ನು ಸೆರಗಿನಲ್ಲಿ ಸುತ್ತಿಕೊಂಡು ರಿಕ್ಷಾ ಹತ್ತಿದರು. ಅವನು ತಡೆಯಲಿಲ್ಲ.

ಮುಂದಿನ ವಾರ ಅವರೇ, "ನಿನ್ನ ಸಾಲಿ ನೋಡಬೇಕು," ಎಂದರು. ಮಗನಿಗೆ ಗುಡಿಗೆ ಹೋಗುತ್ತೇವೆಂದು ಹೇಳಿ ನನ್ನ ಜೊತೆ ಬಸ್ಸು ಹತ್ತಿದರು. ಕಮಲಾಪುರದಲ್ಲಿ ಇಳಿದಾಗ ಕೆಂಪು ಬಾಳೆಹಣ್ಣಿನ ಗಾಡಿಗಳು ಸಾಲಾಗಿ ನಿಂತಿದ್ದವು. ಹೆಡ್‌ಮಾಸ್ತರಿಗೆ ಕೊಡಲು ಒಂದು ಚಿಪ್ಪು ಕೊಂಡರು, ಹಣ್ಣುಗಳನ್ನು ಒಂದೊಂದಾಗಿ ಒತ್ತಿ ನೋಡಿ.

ಹೆಡ್‌ಮಾಸ್ತರು ಬಹಳ ಸಜ್ಜನರು. ಎದ್ದು ನಿಂತು, "ಬರ್ರಿ ಅಮ್ಮಾ, ಕೂಡ್ರಿ," ಎಂದು ತಮ್ಮ ಎದುರಿನ ಕುರ್ಚಿ ತೋರಿಸಿದರು. ಅತ್ತೆ ಕೂರದೆ ಗೋಡೆಯ ಕಡೆ ನೋಡಿದರು. ಒಣಗಿದ ಚೆಂಡುಹೂವಿನ ಹಾರ ಇನ್ನೂ ಹಾಗೇ ಇತ್ತು. ಹಣೆಯ ಮೇಲೆ ಕುಂಕುಮ.

"ನಮ್ಮ ದೊರೆ ರೀ ಅಮ್ಮಾ," ಎಂದರು ಹೆಡ್‌ಮಾಸ್ತರು, ಪಾಠ ಮಾಡುವ ದನಿಯಲ್ಲಿ. "ಮಾರಿ ಮ್ಯಾಲಿನ ತೇಜ ನೋಡ್ರಿ. ಗಂಡಸಿನ ಕಳೆ ಅಂದ್ರ ಇದು. ಈಗಿನ ಹುಡುಗರಿಗೆ ಎಲ್ಲಿ ಬರಬೇಕು?"

ನಾನು ಕಿಟಕಿಯ ಕಡೆ ತಿರುಗಿದೆ.

"ಇವರು ಅದೇ ದೊರೆ ಅಂತ ಖಾತ್ರಿ ಏನ್ರಿ?" ಎಂದು ಅತ್ತೆ ಕೇಳಿದರು.

"ಕೆಳಗ ಬರದದಲ್ರಿ ಅಮ್ಮಾ."

"ಹೌದಲ್ಲ. ಬರದದ," ಎಂದರು ಅತ್ತೆ. ಹತ್ತಿರ ಹೋಗಿ ಹಾರವನ್ನು ಸ್ವಲ್ಪ ಸರಿಸಿದರು. ಅದು ಮೀಸೆಯ ಒಂದು ತುದಿಯನ್ನು ಮುಚ್ಚಿತ್ತು. ಆಮೇಲೆ ಕುರ್ಚಿಯಲ್ಲಿ ಕೂತು, ಹೆಡ್‌ಮಾಸ್ತರು ತರಿಸಿದ ಚಹಾವನ್ನು ಪೂರ್ತಿ ಕುಡಿದರು. ಹೊರಗಿನವರ ಕೈಯ ಚಹಾ ಅವರು ಕುಡಿದದ್ದು ನಾನು ನೋಡಿದ್ದು ಆವತ್ತೇ ಮೊದಲು.

ಆ ದೊರೆಯ ನಿಜವಾದ ಮುಖ ಹೇಗಿತ್ತೋ ಯಾರಿಗೂ ಗೊತ್ತಿಲ್ಲ ಎಂದು ಆಮೇಲೆ ನಾನು ಪ್ರತಿ ವರ್ಷ ನನ್ನ ಕ್ಲಾಸಿನಲ್ಲಿ ಹೇಳತೊಡಗಿದೆ. ಹಾಗಾದರೆ ಹೆಡ್‌ಮಾಸ್ತರ ಕೋಣೆಯಲ್ಲಿ ಇರುವವರು ಯಾರು ಎಂದು ಹುಡುಗರು ಕೇಳಿದರೆ, ಚಿತ್ರ ಬರೆದವನ ಕಲ್ಪನೆ ಎನ್ನುತ್ತಿದ್ದೆ. ಅತ್ತೆಯ ಅನುಮತಿಯಿಲ್ಲದೆ ಅದಕ್ಕಿಂತ ಹೆಚ್ಚು ಹೇಳುವಂತಿರಲಿಲ್ಲ. ನನ್ನ ಗಂಡನಿಗೆ ಹೇಳಲು ಅವರು ಒಪ್ಪಿದ್ದು ಎಷ್ಟೋ ವರ್ಷಗಳ ನಂತರ, ಅದೂ ಆ ಕಾಕಾನವರು ತೀರಿಕೊಂಡ ಮೇಲೆ. ಗಂಡ ಚಿತ್ರದ ಮುಂದೆ ನಿಂತು, "ನಾ ದಿನಾ ಇದರ ಕೆಳಗ ಪೇಪರ್ ಓದ್ತೀನಲ್ಲ," ಎಂದಷ್ಟೇ ಹೇಳಿದರು.

ನಾನು ಚಿತ್ರ ಕೂಡಿಡುವುದನ್ನು ಬಿಡಲಿಲ್ಲ. ಎರಡು ಸಾವಿರದ ಹೊತ್ತಿಗೆ ಊರ ತುಂಬ ಕಂಪ್ಯೂಟರಿನಲ್ಲಿ ಮಾಡುವ ಬ್ಯಾನರುಗಳು ಬಂದು ಅಂಗಡಿಯವನು ಚೌಕಟ್ಟುಗಳನ್ನು ಮೂಲೆಗಿಡುವ ತನಕ, ಹೊಸ ದೊರೆ ಬಂದಾಗಲೆಲ್ಲ ತರುತ್ತಿದ್ದೆ. ಅತ್ತೆ ಪ್ರತಿಯೊಂದನ್ನೂ ಹತ್ತಿರದಿಂದ ನೋಡಿ, "ಇದು ಯಾರ ಮನಿ ಮಗಳೋ ವಿಚಾರಿಸಿದಿ ಏನು?" ಎನ್ನುತ್ತಿದ್ದರು.

ಅವರು ಹೇಳಿದ್ದರಲ್ಲಿ ಒಂದು ಮಾತು ಮಾತ್ರ ನನಗೆ ಇವತ್ತಿಗೂ ಪೂರ್ತಿ ಒಪ್ಪಿಗೆಯಾಗಿಲ್ಲ. ಅಪ್ಪನ ಎದುರಿಗೆ ಒಡೆದದ್ದು ಬೇರೆ ಯಾವುದೋ ಗಾಜು ಎಂದಾಯಿತು. ಹಾಗಾದರೆ ಸ್ಟುಡಿಯೋದವನು ಇದನ್ನು ಯಾಕೆ ಉಳಿಸಿಕೊಂಡ, ಅದೂ ಬೇರೆಯಾಗಿ ಕಾಗದ ಸುತ್ತಿ, ಅಷ್ಟು ವರ್ಷ? ಒಂದು ಮಧ್ಯಾಹ್ನ ಮಾಳಿಗೆಯ ಮೇಲೆ ಹಪ್ಪಳ ಒಣಹಾಕುತ್ತ ಕೇಳಿದೆ.

"ಆಗ ಮಹಾಯುದ್ಧ ನಡದಿತ್ತು. ಗಾಜು ಸಿಗ್ತಿರಲಿಲ್ಲ. ಒಡೀಲಾಕ ಮನಸ್ಸು ಬಂದಿರಲಿಕ್ಕಿಲ್ಲ," ಎಂದರು. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬಂದಿತ್ತು.

"ಹಂಗಾದ್ರ ತೊಳದು ಮತ್ತೊಂದು ಫೋಟೋಕ್ಕ ವಾಪರಸಬಹುದಿತ್ತಲ್ಲರಿ?"

ಅತ್ತೆ ಹಪ್ಪಳದ ಅಂಚು ಎಳೆದು ಸರಿಮಾಡಿದರು. "ಅಂವ ಯಾಕ ತೊಳೀಲಿಲ್ಲೋ ನನಗೇನ್ ಗೊತ್ತು?" ಎಂದು ಹೇಳಿ, ಕಾಗೆ ಓಡಿಸಲು ಕೋಲು ತರುವ ನೆಪದಲ್ಲಿ ಕೆಳಗೆ ಇಳಿದರು. ಮಾಳಿಗೆಯ ಮೇಲೆ ಕಾಗೆ ಒಂದೂ ಇರಲಿಲ್ಲ.